ತಾರೆಕಾಯಿಯ ಲೆಕ್ಕ

ಕಾಸರಕೋಡಿನ ಟೊಂಕದಲ್ಲಿ ನಿಂತು ಶರಾವತಿಯ ಅಳಿವೆ ನೋಡಿದವರಿಗೆ ಜೂಜು ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ. ಇವತ್ತು ಇದ್ದಲ್ಲಿ ಮರಳದಿಬ್ಬ ನಾಳೆ ಇರುವುದಿಲ್ಲ. ಅದನ್ನು ತಪ್ಪಿಸಿಕೊಂಡು ಬೋಟು ದಾಟಿಸಬೇಕು, ಡೀಸೆಲ್ ಸುಡಬೇಕು, ಬಂಗುಡೆ ಸಿಕ್ಕರೆ ಸಿಕ್ಕಿತು. ಇಂಥ ಆಟವನ್ನು ತಲೆತಲಾಂತರದಿಂದ ಆಡುತ್ತ ಬಂದವರು ದಿವಾಳಿಯಾಗದೆ ಉಳಿದದ್ದು ಹೇಗೆ? ನನಗೆ ತೋಚುವುದು ಒಂದೇ, ಪಾಲು. ರಂಪಣಿ ಬಲೆಯ ಹಗ್ಗ ಎಳೆದ ಕೈಗೆಲ್ಲ ಪಾಲಿತ್ತು. ಬೋಟಿನಲ್ಲೂ ಖರ್ಚು ಕಳೆದು ಪಾಲು ಹಾಕುತ್ತಾರೆ. ನಷ್ಟ ಒಬ್ಬನ ತಲೆಗೇ ಬಂದು ಕೂರುವುದಿಲ್ಲ. ಸಾಲದ್ದಕ್ಕೆ ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಬೋಟುಗಳಿಗೆ ಸರ್ಕಾರದ ನಿಷೇಧ. 'ಇನ್ನು ಸಾಕು, ಏಳು' ಎನ್ನಲು ಯಾರೋ ಇದ್ದಾರೆ ಎಂಬುದೇ ಎಷ್ಟು ದೊಡ್ಡ ಉಪಕಾರ, ಯೋಚಿಸಿ.

ಓಸಿ ಎಂಬ ಅಂಕಿಜೂಜಿಗೆ ಮಳೆಗಾಲವಿಲ್ಲ. 1960ರ ದಶಕದ ಮುಂಬಯಿಯಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಎಂಬವರು ಬೆಳೆಸಿದ ಮಟ್ಕಾ ನಮ್ಮಲ್ಲಿಗೆ ಬರುವ ಹೊತ್ತಿಗೆ ಗೂಡಂಗಡಿಯ ಚೀಟಿಯಾಯಿತು. ಅದಕ್ಕೂ ಮುಂಚೆ ಅಲ್ಲಿ ಕಟ್ಟುತ್ತಿದ್ದದ್ದು ನ್ಯೂಯಾರ್ಕಿನ ಹತ್ತಿಯ ದರದ ಮೇಲೆ! ಇರಲಿ, ಲೆಕ್ಕ ನೋಡಿ. 00ರಿಂದ 99ರವರೆಗೆ ಜೋಡಿ ಅಂಕಿಗಳು ನೂರು. ರೂಪಾಯಿಗೆ 80 ಕೊಡುತ್ತಾರೆ ಎಂದೇ ಇಟ್ಟುಕೊಳ್ಳಿ. ನೂರು ಅಂಕಿಗೂ ಒಂದೊಂದು ರೂಪಾಯಿ ಕಟ್ಟಿದವನ ಕೈಗೆ ವಾಪಸು ಬರುವುದು 80. ಉಳಿದ 20 ಬರೆಸಿಕೊಂಡವನಿಗೆ. ನಾಲ್ಕನೇ ಕ್ಲಾಸಿನ ಹುಡುಗನಿಗೂ ತಿಳಿಯುವ ಈ ಲೆಕ್ಕ ಅಪ್ಪನಿಗೆ ಯಾಕೆ ತಿಳಿಯುವುದಿಲ್ಲ?

ತಿಳಿಯುತ್ತದೆ ಮಾರಾಯ್ರೆ, ಕಳೆದುಕೊಳ್ಳುವ ಮುಂಚೆ ತಿಳಿಯುತ್ತದೆ. ಧರ್ಮರಾಯನನ್ನೇ ನೋಡಿ. ಮೊದಲನೇ ಜೂಜಿನಲ್ಲಿ ಸೋತದ್ದೆಲ್ಲ ದ್ರೌಪದಿಯ ದೆಸೆಯಿಂದ ಹಿಂದಿರುಗಿ ಬಂದಿತ್ತು. ಇಂದ್ರಪ್ರಸ್ಥದ ದಾರಿ ಹಿಡಿದವನು ಮತ್ತೆ ಕರೆ ಬಂತೆಂದು ತಿರುಗಿ ಹೋದ! ನನಗೆ ಮೊದಲನೆಯದಕ್ಕಿಂತ ಈ ಎರಡನೇ ಆಟದ ಮೇಲೇ ಸಂಕಟ. ಹದಿಮೂರು ವರ್ಷ ಬಲಿಯಾದದ್ದು ಅದಕ್ಕೆ.

ನಳನ ಕತೆ ಸ್ವಲ್ಪ ಬೇರೆ. ಅವನೂ ರಾಜ್ಯ ಸೋತ, ಭಂಡಾರ ಸೋತ. ಆದರೆ 'ದಮಯಂತಿಯನ್ನು ಇಡು' ಎಂದು ಎದುರು ಕೂತ ತಮ್ಮ ಪುಷ್ಕರ ಕೆಣಕಿದಾಗ ಎದ್ದುಬಿಟ್ಟ. ಅವನಿಗಿಂತ ನನಗೆ ದಮಯಂತಿ ಮೆಚ್ಚು. ಗಂಡ ಏಳುವುದಿಲ್ಲವೆಂದು ಕಂಡದ್ದೇ ತಡ, ಸಾರಥಿ ವಾರ್ಷ್ಣೇಯನನ್ನು ಕರೆಸಿ ಮಕ್ಕಳಿಬ್ಬರನ್ನೂ ತವರಿಗೆ ಕಳಿಸಿಬಿಟ್ಟಳು. ಸಂಘದ ಸಾಲದ ದುಡ್ಡನ್ನು ಅಕ್ಕಿಡಬ್ಬಿಯಲ್ಲಿ ಹೂತಿಡುವ ನಮ್ಮ ಕಡೆಯ ಹೆಂಗಸರು ಅವಳ ವಂಶದವರೇ. ಈಗ ಆ ಡಬ್ಬಿಯೂ ಸಾಲದು. ಆಟ ಮೊಬೈಲಿನೊಳಗೆ ಬಂದು ಕೂತಿದೆ. ರಾಜ್ಯದ 2021ರ ನಿಷೇಧವನ್ನು ಮರುವರ್ಷ ಹೈಕೋರ್ಟು ರದ್ದು ಮಾಡಿತು, 2025ರಲ್ಲಿ ಸಂಸತ್ತೇ ಕಾಯ್ದೆ ತಂದಿತು. ಕಾಯ್ದೆ ಬರಲಿ, ಖಂಡಿತ ಬರಲಿ. ರಾತ್ರಿ ಎರಡು ಗಂಟೆಗೆ ಚಾದರದೊಳಗೆ 'ಹೋದದ್ದಷ್ಟು ಬಂದರೆ ಸಾಕು' ಎಂದುಕೊಳ್ಳುವ ಹುಡುಗನ ಪಕ್ಕ ಯಾರು ಕೂರುತ್ತಾರೆ ಎಂಬುದೇ ನನ್ನ ಚಿಂತೆ.

ನಳನ ಪಕ್ಕ ಕೂತವನು ಅವನು ಸಾರಥಿಯಾಗಿ ಸೇರಿದ್ದ ರಾಜ ಋತುಪರ್ಣ. ರಥದ ಮೇಲಿಂದಲೇ ತಾರೆಮರದ ಎಲೆ, ಕಾಯಿ ಎಣಿಸಿ ಹೇಳಿದ. ನಳ ನಂಬಲಿಲ್ಲ; ಇಳಿದು ಎಣಿಸಿದ, ಸರಿಯಾಗಿತ್ತು. ಹಿಂದೆ ದಾಳಕ್ಕೆ ಬಳಸುತ್ತಿದ್ದದ್ದೂ ಅದೇ ತಾರೆಕಾಯಿ. ನಮ್ಮ ಘಟ್ಟದ ಕಾಡಿನಲ್ಲಿ ಈಗಲೂ ಉದುರುತ್ತದೆ. ಋತುಪರ್ಣ ದಾಳದ ಗುಟ್ಟಾದ ಅಕ್ಷಹೃದಯ ಕಲಿಸಿದ, ಒಳಹೊಕ್ಕು ಕಾಡುತ್ತಿದ್ದ ಕಲಿ ನಳನ ಮೈಬಿಟ್ಟು ಆ ಮರವನ್ನೇ ಹೊಕ್ಕ. ಎಣಿಸಲು ಬಂದೊಡನೆ ಭೂತ ಇಳಿಯಿತು! ಊರಿಗೆ ಮರಳಿದ ನಳ ಒಂದೇ ಪಣದಲ್ಲಿ ಎಲ್ಲ ಗೆದ್ದ. ಪುಷ್ಕರನ ಪಾಲನ್ನು ಅವನಿಗೇ ಕೊಟ್ಟು ಕಳಿಸಿದ.

ಕಾಡಿನಲ್ಲಿ ಧರ್ಮರಾಯನಿಗೆ ಈ ಕತೆ ಹೇಳಿ ವಿದ್ಯೆಯನ್ನೂ ಕಲಿಸಿದವನು ಬೃಹದಶ್ವ ಮುನಿ. ಅದೇ ಬಲದಿಂದ ಧರ್ಮರಾಯ ಅಜ್ಞಾತವಾಸದಲ್ಲಿ ಕಂಕನಾಗಿ ವಿರಾಟರಾಜನ ಜೊತೆ ದಾಳ ಹಾಕುತ್ತ ಕೂತ. ಒಂದು ದಿನ ಬೃಹನ್ನಳೆಯನ್ನು ಹೊಗಳಿದ್ದಕ್ಕೆ ವಿರಾಟ ಸಿಟ್ಟೆದ್ದು ದಾಳವನ್ನೇ ಮುಖಕ್ಕೆ ಬೀಸಿದ. ಮೂಗಿನಿಂದ ರಕ್ತ ಬಂತು. ಕಂಕ ತಿರುಗಿ ಒಂದು ಮಾತಾಡಲಿಲ್ಲ, ರಕ್ತ ನೆಲಕ್ಕೆ ಬೀಳದಂತೆ ಬೊಗಸೆಯಲ್ಲಿ ಹಿಡಿದ. ಸೈರಂಧ್ರಿ ಪಾತ್ರೆ ತಂದಳು. ಅಷ್ಟು ಹೊತ್ತಿಗೆ ಅವನು ಅಕ್ಷಹೃದಯವನ್ನು ಪೂರ್ತಿ ಕಲಿತಿದ್ದ ಅಂತ ನನ್ನ ನಂಬಿಕೆ.