ನಿಮ್ಮ ಪಾರಿವಾಳಗಳು ಹೇಗಿವೆ?

'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ವರ್ಷವರ್ಷವೂ ಮಕ್ಕಳಿಂದ ವಿಸ್ತರಿಸಿ ಬರೆಸುತ್ತಾ ಬಂದವಳು ನಾನು. ಕನ್ನಡದ ಜೊತೆಗೆ ಇಂಗ್ಲಿಷನ್ನೂ ಪಾಠ ಮಾಡಿದವಳು. ಹಾಗಾಗಿ ಮಗಳ ಬಾಣಂತನಕ್ಕೆಂದು ಸ್ಕಾಟ್ಲೆಂಡಿನ ಅಬರ್ಡೀನ್ ಊರಿಗೆ ಹೊರಟಾಗ ನನಗೆ ಚಳಿಯ ಭಯವಿತ್ತೇ ಹೊರತು ಭಾಷೆಯ ಭಯವಿರಲಿಲ್ಲ.

ಹೋದ ಮೂರನೆಯ ದಿನ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ "ಫಿಟ್ ಲೈಕ್?" ಎಂದರು. "ಯೆಸ್, ಐ ಆ್ಯಮ್ ಫಿಟ್" ಎಂದು ತರಗತಿಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟೆ. ಒಳಗೆ ಬಾಣಂತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಸೀಮೆಯಲ್ಲಿ 'ವಾಟ್' ಅನ್ನು 'ಫಿಟ್' ಎನ್ನುತ್ತಾರಂತೆ. 'ವೇರ್' ಅಂದರೆ 'ಫಾರ್', 'ವೆನ್' ಅಂದರೆ 'ಫ್ಯಾನ್'. 'ಫಿಟ್ ಲೈಕ್' ಎಂದರೆ 'ಹೇಗಿದ್ದೀರಿ' ಎಂದಷ್ಟೇ ಅರ್ಥ.

ಅಜ್ಜಿಯದು ಕೆಟ್ಟ ಇಂಗ್ಲಿಷ್ ಎಂದು ಮೊದಲು ನಾನು ತೀರ್ಮಾನಿಸಿಬಿಟ್ಟಿದ್ದೆ. ಅದು ಇಂಗ್ಲಿಷೇ ಅಲ್ಲ, ಸ್ಕಾಟ್ಸ್ ಎಂದು ಆಮೇಲೆ ತಿಳಿಯಿತು. ಹಳೆಯ ಇಂಗ್ಲಿಷಿನ ಬೇರಿನಿಂದಲೇ ಚಿಗುರಿ, ಬೇರೆ ಕೊಂಬೆಯಾಗಿ ಬೆಳೆದ ನುಡಿ ಅದು. ಅಬರ್ಡೀನಿನ ಸುತ್ತಮುತ್ತಲ ಸ್ಕಾಟ್ಸ್‌ಗೆ ಡೋರಿಕ್ ಎಂದು ಹೆಸರು.

ಅಜ್ಜಿ ಮಗುವನ್ನು ನೋಡಲು ಬಂದರು. "ಬಾನಿ ವೀ ಕ್ವೈನ್" ಎಂದರು. ಅದನ್ನು ನಾನು 'ಕ್ವೀನ್' ಎಂದು ಕೇಳಿಸಿಕೊಂಡು ಬೀಗಿದೆ. 'ಚೆಂದದ ಪುಟ್ಟ ಹುಡುಗಿ' ಎಂದರಂತೆ! ಆಮೇಲೆ ಪರ್ಸಿನಿಂದ ಬೆಳ್ಳಿಬಣ್ಣದ ನಾಣ್ಯ ತೆಗೆದು ಮಗುವಿನ ಮುಷ್ಟಿಯಲ್ಲಿಟ್ಟರು. ಅದೂ ಅಲ್ಲಿಯ ಹಳೆಯ ಪದ್ಧತಿ. ಮಗು ಅದನ್ನು ಬಿಗಿಯಾಗಿ ಹಿಡಿದರೆ ಮುಂದೆ ದುಡ್ಡು ಹಿಡಿದಿಡುತ್ತದೆಂದು ನಂಬಿಕೆ. ಮಗುವಿನ ಕೈಗೆ ಬರಿಗೈಯಲ್ಲಿ ಬಂದವರಾಗಬಾರದೆಂದು ನಮ್ಮಮ್ಮನೂ ಹೇಳುತ್ತಿದ್ದಳು. ಅಂದಿನಿಂದ ನಾವಿಬ್ಬರೂ ಸ್ನೇಹಿತೆಯರಾದೆವು. ಐವತ್ತು ದಾಟಿದ ನನ್ನನ್ನೂ ಅವರು 'ಕ್ವೈನ್' ಎಂದೇ ಕರೆಯುತ್ತಿದ್ದರು!

ಅವರು ಹೇಳಿದ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಮೋಡ ಮುಸುಕಿ, ಜಿನುಗುಮಳೆ ಹಿಡಿದು, ಮನಸ್ಸಿಗೂ ಮಂಕು ಕವಿಸುವ ದಿನ ಅವರಿಗೆ 'ಡ್ರೀಖ್'. ಆ ಪದವನ್ನು ಹೇಳುವಾಗ ಗಂಟಲೇ ನಡುಗುತ್ತದೆ. ಮಗು ರಾತ್ರಿಯಿಡೀ ಅತ್ತಿತೆಂದರೆ "ಡಿನ್ನಾ ಫ್ಯಾಶ್" ಎನ್ನುತ್ತಿದ್ದರು, ತಲೆ ಕೆಡಿಸಿಕೊಳ್ಳಬೇಡ ಎಂದು. 'ಫ್ಯಾಶ್' ಫ್ರೆಂಚಿನಿಂದ ಬಂದ ಪದ. 'ಮೆಸೇಜಸ್' ತರಲು ಹೋಗುತ್ತೇನೆ ಎಂದಾಗ ಯಾರ ಸಂದೇಶವೋ ಎಂದುಕೊಂಡೆ. ಹಾಲು, ಬ್ರೆಡ್ಡು, ಆಲೂಗಡ್ಡೆ ತಂದರು!

ಒಂದು ದಿನ "ಲ್ಯಾಂಗ್ ಮೇ ಯರ್ ಲಮ್ ರೀಕ್" ಎಂದು ಹರಸಿದರು. ನಿನ್ನ ಮನೆಯ ಹೊಗೆಗೂಡು ಬಹುಕಾಲ ಹೊಗೆಯಾಡಲಿ ಎಂದು ಅರ್ಥ. ನಮ್ಮಲ್ಲಿ 'ಹೊಗೆ ಹಾಕಿಸಿಕೊಂಡ' ಎಂದರೆ ಏನರ್ಥವೆಂದು ನಾನು ಹೇಳಲಿಲ್ಲ. ಆದರೆ ಯೋಚಿಸಿದಾಗ ತಿಳಿಯಿತು: ಚಳಿಯ ನಾಡಿನಲ್ಲಿ ಒಲೆ ಆರದಿರುವುದಕ್ಕಿಂತ ದೊಡ್ಡ ಹರಕೆ ಯಾವುದಿದೆ?

ನನಗೆ ಬಲು ಇಷ್ಟವಾದದ್ದು "ಮೆನಿ ಅ ಮಿಕ್ಕಲ್ ಮ್ಯಾಕ್ಸ್ ಅ ಮಕ್ಕಲ್" ಎಂಬ ಗಾದೆ. ನಮ್ಮ 'ಹನಿ ಹನಿ ಗೂಡಿದರೆ ಹಳ್ಳ' ಇದ್ದಹಾಗೆ. ಮೋಜೆಂದರೆ ಮಿಕ್ಕಲ್, ಮಕ್ಕಲ್ ಎರಡಕ್ಕೂ 'ದೊಡ್ಡದು' ಎಂದೇ ಅರ್ಥ. 'ಚಿಕ್ಕ ಚಿಕ್ಕದು ಸೇರಿ ದೊಡ್ಡದು' ಎಂದಿದ್ದದ್ದು ಜನರ ಬಾಯಲ್ಲಿ ತಪ್ಪಾಗಿ, ತಪ್ಪೇ ಗಾದೆಯಾಗಿ ನಿಂತಿತು. ನನ್ನ ಕೈಗೆ ಸಿಕ್ಕಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆ.

ಒಮ್ಮೆ ಅಜ್ಜಿ ಡಾಕ್ಟರ ಬಳಿ ಫೋನಿನಲ್ಲಿ ಮಾತಾಡುವುದನ್ನು ಕೇಳಿದೆ. ಅಚ್ಚುಕಟ್ಟಾದ ಇಂಗ್ಲಿಷ್! ಬೇರೆ ಯಾರೋ ಮಾತಾಡಿದಂತಿತ್ತು. ಕೇಳಿದ್ದಕ್ಕೆ, ಸುಮ್ಮನೆ ಅಂಗೈ ಚಾಚಿ ತೋರಿಸಿದರು. ಶಾಲೆಯಲ್ಲಿ ಮರೆತು 'ಯೆಸ್' ಬದಲು 'ಆಯ್' ಎಂದರೆ ಟೀಚರು ತೊಗಲಿನ ಪಟ್ಟಿಯಿಂದ ಅಂಗೈಗೆ ಹೊಡೆಯುತ್ತಿದ್ದರಂತೆ. ಆ ಪಟ್ಟಿ ಸ್ಕಾಟ್ಲೆಂಡಿನ ಸರ್ಕಾರಿ ಶಾಲೆಗಳಿಂದ ಹೋದದ್ದು 1987ರಲ್ಲಿ. ಹೊಡೆಸಿಕೊಂಡ ನುಡಿಯನ್ನು ಜನಗಣತಿಯವರು ಮೊದಲ ಬಾರಿಗೆ ಲೆಕ್ಕಕ್ಕೆ ಹಿಡಿದದ್ದು 2011ರಲ್ಲಿ. ಹದಿನೈದು ಲಕ್ಷಕ್ಕೂ ಹೆಚ್ಚು ಜನ 'ನಮಗೆ ಮಾತಾಡಲು ಬರುತ್ತದೆ' ಎಂದರು. 2025ರಲ್ಲಿ ಕಾಯಿದೆ ಮಾಡಿ ಗೇಲಿಕ್ ಜೊತೆಗೆ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನ ಕೊಟ್ಟರು. ಆದರೆ ಅಜ್ಜಿ ಇವತ್ತಿಗೂ ಡಾಕ್ಟರ ಹತ್ತಿರ 'ಆಯ್' ಎನ್ನಲಾರರು.

ಆ ರಾತ್ರಿ ತೊಟ್ಟಿಲು ತೂಗುತ್ತಾ ಕುಳಿತವಳಿಗೆ ನನ್ನ ಐದನೆಯ ತರಗತಿಯ ಒಬ್ಬ ಹುಡುಗಿ ನೆನಪಾದಳು. ಬಹಳ ವರ್ಷಗಳ ಹಿಂದಿನ ಮಾತು. "ಅಸು ಆಲು ಕೊಡ್ತದೆ" ಎಂದಿದ್ದಳು. ತರಗತಿ ಗೊಳ್ಳೆಂದಿತು. ನಾನು ಹೊಡೆಯಲಿಲ್ಲ. ಹೊಡೆಯದ ಟೀಚರ್ ಎಂದು ನನಗೆ ಹೆಮ್ಮೆಯೂ ಇತ್ತು. ಎದ್ದು ನಿಲ್ಲಿಸಿ 'ಹಸು, ಹಾಲು' ಎಂದು ಹತ್ತು ಸಲ ಹೇಳಿಸಿದೆ. ಆಮೇಲೆ ಅವಳು ನನ್ನ ತರಗತಿಯಲ್ಲಿ ಎಂದೂ ಕೈ ಎತ್ತಲಿಲ್ಲ. ಅವಳ ತಾಯಿ ಬಂದು, "ಬಾಯ್ ಬುಟ್ರೆ ನಗ್ತಾರೆ ಅಂತಾಳೆ ಕನ್ರವ್ವ" ಎಂದಾಗಲೂ, ನಾನು ಆ ತಾಯಿಯ ಉಚ್ಚಾರವನ್ನೇ ಗಮನಿಸುತ್ತಿದ್ದೆ.

ಊರಿಗೆ ಮರಳಿ ತರಗತಿಗೆ ಹೋದಾಗ ಒಬ್ಬ ಹುಡುಗ "ಅಣ್ಣು" ಎಂದ. ನಿಮ್ಮ ಮನೆಯಲ್ಲಿ ಇನ್ನೇನೇನು ಹೀಗೆ ಹೇಳುತ್ತೀರಿ ಎಂದು ಕೇಳಿದೆ. ಬೋರ್ಡಿನ ಒಂದು ಕಡೆ ಮನೆಯ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು ಬರೆದೆವು. ಪರೀಕ್ಷೆಗೆ ಇದು, ಅಜ್ಜಿಯ ಜೊತೆ ಅದು ಎಂದೆ. ಪೀರಿಯಡ್ ಮುಗಿಯುವಷ್ಟರಲ್ಲಿ ಬೋರ್ಡಿನಲ್ಲಿ ಜಾಗವಿರಲಿಲ್ಲ.

ಭಾನುವಾರ ಮಗಳು ಫೋನು ಮಾಡಿದಾಗ ಪಕ್ಕದ ಮನೆಯಜ್ಜಿ ಅಲ್ಲಿದ್ದರೆ "ಫೂಸ್ ಯರ್ ಡೂಸ್?" ಎನ್ನುತ್ತಾರೆ. ನಿನ್ನ ಪಾರಿವಾಳಗಳು ಹೇಗಿವೆ ಎಂದು. ಈಗ ನಾನು ಸರಿಯಾಗಿಯೇ ಹೇಳುತ್ತೇನೆ: "ಆಯ್ ಪೆಕಿನ್", ಕಾಳು ಹೆಕ್ಕುತ್ತಲೇ ಇವೆ. ಅಜ್ಜಿ ಅಲ್ಲಿಂದಲೇ ಭೇಷ್ ಎನ್ನುವಂತೆ ನಗುತ್ತಾರೆ. ಫೋನು ಇಟ್ಟಮೇಲೆ, ಆ ಹುಡುಗಿ ಈಗ ಎಲ್ಲಿದ್ದಾಳೋ, ಅವಳ ಮಕ್ಕಳ ಜೊತೆ ಹಾಲು ಎನ್ನುತ್ತಾಳೋ ಆಲು ಎನ್ನುತ್ತಾಳೋ ಎಂದು ಯೋಚಿಸುತ್ತೇನೆ. ಆಲು ಎನ್ನಲಿ ಎಂದು ಆಸೆ.