ಖಾಲಿ ಕಿಟಕಿ, ಮಾವನ ಬಾವಿಗಳು

ಗಣಕಯಂತ್ರ ಬೈದರೆ ನನಗೆ ಬೇಜಾರಿಲ್ಲ. ಏನೋ ಒಂದು ಎರರ್ ನಂಬರು ತೋರಿಸಿದರೆ ಸಾಕು, ಅದನ್ನೇ ಹಿಡಿದು ಹುಡುಕುತ್ತಾ ಹೋಗಬಹುದು. ಕಷ್ಟ ಆಗೋದು ಅದು ಬಾಯೇ ಬಿಡದಿದ್ದಾಗ. ಮೊನ್ನೆ ಅಂಥದ್ದೊಂದು ಮೌನವ್ರತದ ಮುಂದೆ ಅರ್ಧ ಶನಿವಾರ ಕೂತಿದ್ದೆ.

ಚಾಮರಾಜಪೇಟೆಯ ಸೋದರಮಾವ ಫೋನ್ ಮಾಡಿದ್ದರು. "ಲೋ, ನನ್ನ ನಕ್ಷೆ ತೆಗೀತಾನೇ ಇಲ್ಲ ಕಣೋ. ಸೈನ್ ಇನ್ ಅಂತ ಒಂದು ಡಬ್ಬಿ ಬರುತ್ತೆ, ಒಳಗೆ ಏನೂ ಇಲ್ಲ. ಸುಣ್ಣ ಹೊಡೆದ ಗೋಡೆ ಥರ ಇದೆ." ಇಂಜಿನಿಯರಿಂಗ್ ಓದಿದವನು ಅಂದಮೇಲೆ ನೆಂಟರಿಷ್ಟರ ಪ್ರಿಂಟರಿಗೆಲ್ಲಾ ನಾನೇ ಡಾಕ್ಟರು, ನಿಮ್ಮಲ್ಲೂ ಅನೇಕರದ್ದು ಇದೇ ಪಾಡು ಇರಬಹುದು :-) ಆದರೆ ಈ ಸಲ ಮಾವನ ದನಿಯಲ್ಲಿ ಭಯ ಇತ್ತು.

ಅದಕ್ಕೆ ಕಾರಣ ಇದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆಯಲ್ಲಿ. ಇದು ಬೆಂಗಳೂರಿಗರಿಗೆಲ್ಲಾ ಗೊತ್ತು. ಮಾವನ ಹುಚ್ಚು ಅದಕ್ಕಿಂತ ಚಿಕ್ಕದು: ಮನೆ ಬಾವಿಗಳು. 1892ರ ಚಾಮರಾಜಪೇಟೆ, 1898ರಲ್ಲಿ ಪ್ಲೇಗ್ ಬಂದಾಗ ಎದ್ದ ಬಸವನಗುಡಿ ಮತ್ತು ಮಲ್ಲೇಶ್ವರ, ಈ ಮೂರು ಬಡಾವಣೆಗಳ ಹಳೇ ಮನೆಗಳ ಹಿತ್ತಲಲ್ಲಿದ್ದ ಬಾವಿಗಳನ್ನು ಅವರು ನಾಲ್ಕು ವರ್ಷದಿಂದ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದಾರೆ. ಬೆಳಗಿನ ವಾಕಿಂಗಿನಲ್ಲಿ ಯಾರಾದರೂ ಹಿರಿಯರು ಗೇಟಿನ ಹತ್ತಿರ ಕಂಡರೆ ಮಾತಿಗೆ ನಿಲ್ಲುತ್ತಾರೆ. ಬಾವಿ ಇತ್ತೇ, ಎಷ್ಟು ಮಟ್ಟು ಆಳ, ಸಿಹಿನೀರೋ ಸವಳೋ, ಯಾವಾಗ ಮುಚ್ಚಿದಿರಿ, ಮುಚ್ಚಿದ ಮೇಲೆ ಮಳೆಗಾಲದಲ್ಲಿ ನೆಲ ಒಸರುತ್ತದೆಯೇ? ಮನೆಗೆ ಬಂದು ಒಂದು ಚುಕ್ಕಿ, ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ದೊಡ್ಡ ಬಸವಣ್ಣನ ಪಾದದ ಬುಡದಲ್ಲಿ ವೃಷಭಾವತಿ ಹುಟ್ಟುತ್ತಾಳೆ ಅನ್ನೋ ಊರವರ ನಂಬಿಕೆಗೂ ಒಂದು ಚುಕ್ಕಿ ಇದೆ.

ಒಟ್ಟು 312 ಚುಕ್ಕಿಗಳು. ಹೇಳಿದವರಲ್ಲಿ ಕೆಲವರು ಈಗಿಲ್ಲ. ಕೆಲವು ಮನೆಗಳೂ ಇಲ್ಲ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಅಂದರೆ ಮತ್ತೆ ಕೇಳಿ ಬರೆಯೋಣ ಅನ್ನೋ ಹಾಗಿಲ್ಲ. ಮಾವ ಇದನ್ನೆಲ್ಲಾ ಬರೆದಿಟ್ಟಿದ್ದ ತಂತ್ರಾಂಶ ಅವರ ಮೇಜಿನ ಗಣಕದಲ್ಲೇ ಇತ್ತು, ಚುಕ್ಕಿಗಳು ಮಾತ್ರ ಅವರ ಖಾತೆಯ ಒಳಗೆ. ಸೈನ್ ಇನ್ ಆಗದೆ ಬಾಗಿಲು ತೆಗೆಯದು.

ಹೋಗಿ ನೋಡಿದೆ. ನಿಜಕ್ಕೂ ಬಿಳಿ. ಇಂಥ ಕಡೆ ನಾನು ಮೊದಲು ಮಾಡೋದು, ಏನೇನು ಸರಿಯಾಗಿದೆ ಅಂತ ಪಟ್ಟಿ ಮಾಡೋದು. ಫೈರ್‌ಫಾಕ್ಸ್‌ನಲ್ಲಿ ಅದೇ ಖಾತೆಗೆ ಹೋದರೆ ಪಾಸ್‌ವರ್ಡ್ ಒಪ್ಪಿತು, ಹಾಗಾಗಿ ಖಾತೆ ಕ್ಷೇಮ. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ನೋಡಿದೆ, ಆಗಲೂ ಬಿಳಿ. ಹಾಗಾಗಿ ಮನೆಯ ಇಂಟರ್ನೆಟ್ಟಿನ ತಪ್ಪಲ್ಲ. ಗಣಕದ ದಿನಾಂಕ ನೋಡಿದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು ದಿನಾಂಕ ಹಿಂದೆ ಹೋದರೆ ಸುರಕ್ಷಾ ಪ್ರಮಾಣಪತ್ರಗಳು ಹೊಂದುವುದಿಲ್ಲ, ಪುಟ ಬರುವುದಿಲ್ಲ. ಅದೂ ಸರಿಯಿತ್ತು. ಆಂಟಿವೈರಸ್ಸನ್ನು ಐದು ನಿಮಿಷ ಮಲಗಿಸಿದೆ. ಊಹೂಂ.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಸೈನ್ ಇನ್ ಡಬ್ಬಿಯ ಚೌಕಟ್ಟು ನಕ್ಷೆ ತಂತ್ರಾಂಶದ್ದು, ಒಳಗಿರೋದು ಮಾತ್ರ ಒಂದು ವೆಬ್ ಪುಟ. ಅದನ್ನು ತೋರಿಸೋದು ವಿಳಾಸಪಟ್ಟಿಯೇ ಇಲ್ಲದ ಒಂದು ಪುಟ್ಟ ಬ್ರೌಸರು. ಹಿಂದೆ ವಿಂಡೋಸ್‌ನಲ್ಲಿ ಬಹಳಷ್ಟು ತಂತ್ರಾಂಶಗಳು ಇದಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಎಂಜಿನ್ನನ್ನು ಕರೆಯುತ್ತಿದ್ದವು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್ 11ನ್ನು ನಿವೃತ್ತಿ ಮಾಡಿತು. ಈಗ ಅನೇಕ ತಂತ್ರಾಂಶಗಳು ಕರೆಯೋದು ವೆಬ್‌ವ್ಯೂ2 ಅನ್ನೋದನ್ನ. ಅದು ಎಡ್ಜ್ ಬ್ರೌಸರಿನದೇ ಎಂಜಿನ್, ಆದರೆ ಬೇರೆಯಾಗಿ ಕೂರುತ್ತದೆ. ಜೊತೆಗೆ ಇಂದಿನ ಸೈನ್ ಇನ್ ಪುಟಗಳು ಬರುವಾಗ ಹೆಚ್ಚುಕಮ್ಮಿ ಖಾಲಿ ಹಾಳೆಗಳೇ. ಹೆಸರು, ಪಾಸ್‌ವರ್ಡಿನ ಚೌಕಗಳನ್ನೆಲ್ಲಾ ಆಮೇಲೆ ಜಾವಾಸ್ಕ್ರಿಪ್ಟ್ ಬರೆಯುತ್ತದೆ. ಸ್ಕ್ರಿಪ್ಟಿಗೆ ತಡೆ ಬಿದ್ದರೂ, ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟರೂ, ಎಂಜಿನ್ನೇ ಇಲ್ಲದಿದ್ದರೂ ಹೊರಗೆ ಕಾಣೋದು ಒಂದೇ: ಬಿಳಿ. ಜ್ವರ ಒಂದೇ, ಕಾಯಿಲೆ ಹತ್ತು.

ಹಾಗಾಗಿ ಟಾಸ್ಕ್ ಮ್ಯಾನೇಜರ್ ತೆಗೆದಿಟ್ಟುಕೊಂಡು ಡಬ್ಬಿಯನ್ನು ಮತ್ತೆ ಕರೆದೆ. ಅದು ತೆರೆದಾಗ ವೆಬ್‌ವ್ಯೂ2 ಹೆಸರಿನ ಪ್ರಕ್ರಿಯೆ ಒಂದು ಪಟ್ಟಿಯಲ್ಲಿ ಏಳಬೇಕು. ಏಳಲಿಲ್ಲ. ಇನ್‌ಸ್ಟಾಲ್ ಆಗಿರುವ ತಂತ್ರಾಂಶಗಳ ಪಟ್ಟಿಗೆ ಹೋದೆ. ವೆಬ್‌ವ್ಯೂ2 ರನ್‌ಟೈಮ್ ಇರಲೇ ಇಲ್ಲ!

"ಮಾವ, ಈಚೆಗೆ ಯಾರಾದ್ರೂ ಇದನ್ನ ಮುಟ್ಟಿದ್ರಾ?"

"ಸ್ಲೋ ಆಗಿದೆ ಅಂತ ಅಂಗಡಿ ಹುಡುಗನ್ನ ಕರೆಸಿದ್ದೆ. ನೀವು ಫೈರ್‌ಫಾಕ್ಸ್ ತಾನೇ ಬಳಸೋದು ಸಾರ್, ಎಡ್ಜ್‌ದೆಲ್ಲಾ ವೇಸ್ಟು ಅಂತ ತೆಗೆದ. ಒಳ್ಳೇ ಹುಡುಗ."

ಹುಡುಗ ಒಳ್ಳೆಯವನೇ ಇರಬಹುದು. ಅವನು ತೆಗೆದದ್ದು ಬೇಡದ ಬ್ರೌಸರು ಅಂತ ಅವನಿಗನ್ನಿಸಿತ್ತು, ಹೋದದ್ದು ನಕ್ಷೆಯ ಬಾಗಿಲು. ಕೆಲವು ತಂತ್ರಾಂಶಗಳು "ಇಂಥದ್ದು ಇಲ್ಲ, ಹಾಕಿಕೊಳ್ಳಿ" ಅಂತ ಹೇಳುತ್ತವೆ. ಇದು ಹೇಳಲಿಲ್ಲ. ಒಂದು ಸಾಲು ಬರೆದಿದ್ದರೆ ಮಾವನಿಗೆ ಎರಡು ರಾತ್ರಿ ನಿದ್ದೆ ಬರುತ್ತಿತ್ತು.

ಮೈಕ್ರೋಸಾಫ್ಟ್ ತಾಣದಲ್ಲಿ ಆ ರನ್‌ಟೈಮ್ ಬಿಟ್ಟಿ ಸಿಗುತ್ತದೆ. ಹಾಕಿ, ರೀಸ್ಟಾರ್ಟ್ ಮಾಡಿ ತೆರೆದೆ. ಮೊದಲು ಮತ್ತೆ ಬಿಳಿ.. ಮಾವ ಉಸಿರು ಬಿಗಿಹಿಡಿದು ನಿಂತಿದ್ದರು.. ಆಮೇಲೆ ನಿಧಾನಕ್ಕೆ ಚೌಕಗಳು ಮೂಡಿದವು. ಪಾಸ್‌ವರ್ಡ್ ಹಾಕಿದಾಗ 312 ಚುಕ್ಕಿಗಳೂ ಇದ್ದ ಜಾಗದಲ್ಲೇ ಇದ್ದವು. ಅತ್ತೆ ಒಳಗಿಂದ, "ಸಿಕ್ತಾ ನಿಮ್ಮ ಬಾವಿಗಳು? ಈಗಲಾದ್ರೂ ಊಟಕ್ಕೆ ಏಳಿ" ಅಂದರು.

ಊಟಕ್ಕೆ ಮುಂಚೆ ಒಂದು ಕೆಲಸ ಮಾಡಿಸಿದೆ. ಎಲ್ಲ ಚುಕ್ಕಿಗಳನ್ನೂ ಕೆಎಂಎಲ್ ಕಡತವಾಗಿ ಹೊರಗೆ ತೆಗೆದೆವು. ಕೆಎಂಎಲ್ 2008ರಿಂದ ಮುಕ್ತ ಮಾನಕ, ಯಾರೊಬ್ಬರ ಬೀಗದ ಕೈಯೂ ಬೇಡ. ಅದನ್ನು 2002ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದು ತೋರಿಸಿದೆ. ಸೈನ್ ಇನ್ ಕೇಳಲೇ ಇಲ್ಲ, ಚುಕ್ಕಿಗಳು ಬಂದವು. ಮಾವನಿಗೆ ಇನ್ನೂ ನಂಬಿಕೆ ಬರಲಿಲ್ಲ. ಆಗ ಅದೇ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಕೋನಾಕಾರದ ಕಂಸಗಳ ನಡುವೆ ರೇಖಾಂಶ 77.57, ಅಕ್ಷಾಂಶ 12.94, ಅದರ ಹತ್ತಿರವೇ ಮಾವನ ಸ್ವಂತ ಯೂನಿಕೋಡ್ ಕನ್ನಡ: "ಸಿಹಿನೀರು. ಮಗಳ ಮದುವೆಯ ವರ್ಷ ಮುಚ್ಚಿದರಂತೆ."

ಮಾವ ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ಅದನ್ನೇ ಓದಿದರು. "ಇಷ್ಟೇನಾ? ಬರೀ ಅಕ್ಷರಾನಾ ಇದು?" ಅಂದರು. ಹೌದು ಮಾವ, ಬರೀ ಅಕ್ಷರ. ಒಂದು ಫೋಟೋಗಿಂತ ಚಿಕ್ಕ ಕಡತ.

ನನಗೆ ಆ ರಿಪೇರಿಗಿಂತ ಇದು ಮುಖ್ಯ ಅನ್ನಿಸಿತು. ಖಾಲಿ ಕಿಟಕಿ ಇವತ್ತು ಸರಿಹೋಯಿತು, ನಾಳೆ ಇನ್ಯಾವುದೋ ಕಾರಣಕ್ಕೆ ಮತ್ತೆ ಬರಬಹುದು, ಆ ತಂತ್ರಾಂಶವೇ ಒಂದು ದಿನ ನಿವೃತ್ತಿಯಾಗಬಹುದು. ನೀವು ಬರೆದದ್ದು, ಗುರುತು ಹಾಕಿದ್ದು ಏನೇ ಇರಲಿ, ಸೈನ್ ಇನ್ ಇಲ್ಲದೆ ಓದಬಹುದಾದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಮಾವ ಈಗ ಪ್ರತಿ ಭಾನುವಾರ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕುತ್ತಾರೆ. ಇನ್ನೊಂದು ನನಗೆ ಮೇಲ್ ಮಾಡುತ್ತಾರೆ. ಹೋದ ವಾರ ಬಂದದ್ದರಲ್ಲಿ 315 ಇದ್ದವು.