ಪುಟ್ಟಿ ಊದಿದ್ದು

ಇವತ್ತು ತೋಟದ ವಿಷಯ ಅಲ್ಲ, ಮೊಮ್ಮಗಳ ವಿಷಯ.

ನಮ್ಮ ಪುಟ್ಟಿಗೆ ಏಳು ವರ್ಷ. ಅಡಿಕೆ ಬೇಯಿಸೋ ಹೊಗೆ ಶುರುವಾದರೆ ಸಾಕು, ರಾತ್ರಿಯೆಲ್ಲ ಎದೆ ಗುಯ್ ಗುಯ್ ಅನ್ನುತ್ತೆ. ಉಬ್ಬಸ ಇರಬಹುದು, ಸ್ಪೈರೋಮೆಟ್ರಿ ಮಾಡಿಸಿ ಅಂದ್ರು ಡಾಕ್ಟ್ರು. ಕೊಳವೆಗೆ ಬಾಯಿಟ್ಟು ಜೋರಾಗಿ ಊದೋದು. ಎಷ್ಟು ಗಾಳಿ, ಎಷ್ಟು ಬೇಗ ಹೊರಗೆ ಬರುತ್ತೆ ಅಂತ ಯಂತ್ರ ಅಳೆಯುತ್ತೆ.

ಮೊದಲ ಸಲ ತಪ್ಪು ನನ್ನದೇ. "ಶಿವಮೊಗ್ಗದಲ್ಲಿ ಐಸ್‌ಕ್ರೀಮ್ ಕೊಡಿಸ್ತೀನಿ ಬಾ" ಅಂತ ಕರ್ಕೊಂಡು ಹೋದೆ. ಮೂಗಿಗೆ ಕ್ಲಿಪ್ ಹಾಕೋಕೆ ಬಂದ ತಕ್ಷಣ ಕಿರುಚಿದಳು. ಊಟ ಮಾಡದಿದ್ರೆ ಸೂಜಿ ಹಾಕಿಸ್ತೀನಿ ಅಂತ ಹೆದರಿಸ್ತಿದ್ದವನೂ ನಾನೇ ಅಲ್ವಾ! ಎಕ್ಸ್‌ರೇ ಥರ ಹಿಡಿದು ಕೂರಿಸಿ ಮಾಡ್ಸೋ ಪರೀಕ್ಷೆ ಅಲ್ಲ ಇದು. ಮಗು ಮನಸ್ಸು ಮಾಡಿ ಊದಬೇಕು. ವಾಪಸ್ ಬರುವಾಗ ಬಸ್ಸಲ್ಲಿ "ಅಜ್ಜ, ನೀನು ಸುಳ್ಳು ಹೇಳ್ದೆ" ಅಂದಳು. ಐಸ್‌ಕ್ರೀಮ್ ಮುಟ್ಟಿರಲಿಲ್ಲ.

ಎರಡನೇ ಸಲಕ್ಕೆ ಹತ್ತು ದಿನ ಇತ್ತು. ಇದ್ದದ್ದು ಇದ್ದಂಗೆ ಹೇಳಿದೆ. ಬೆಳಿಗ್ಗೆ ನಮ್ಮೂರ ಬಿಡಾರದ ಆನೆಗಳು ತುಂಗೆಯ ಹಿನ್ನೀರಿಗೆ ಇಳಿದಾಗ ತೋರಿಸಿದೆ: "ನೋಡು, ಮೊದ್ಲು ಸೊಂಡಿಲು ತುಂಬ ಎಳ್ಕೊಳುತ್ತೆ, ಆಮೇಲೆ ಬುಸ್ ಅಂತ ಬಿಡುತ್ತೆ. ನೀನೂ ಹಂಗೇ." ಹಳೇ ಕ್ಯಾಲೆಂಡರ್ ಹಾಳೆ ಸುತ್ತಿ ಕೊಳವೆ ಮಾಡಿದ್ವಿ. ಬೆರಳಲ್ಲಿ ಮೂಗು ಮುಚ್ಚಿ, ಎದೆ ತುಂಬ ಎಳೆದು, ತುಟಿ ಬಿಗಿ ಹಿಡಿದು, ಖಾಲಿ ಆಗೋವರೆಗೂ ಊದೋದು. ನಾನು ಆರರವರೆಗೆ ಎಣಿಸ್ತಿದ್ದೆ. ದಿನಕ್ಕೆ ಎರಡೇ ಸಲ, ಆಟದ ಥರ. ಉಬ್ಬಸ ಇದ್ದ ದಿನ ಬಿಟ್ವಿ.

ಕನಿಷ್ಠ ಮೂರು ಸಲ ಊದಬೇಕು, "ಇನ್ನೊಮ್ಮೆ" ಅಂದ್ರೆ ನೀನು ಸೋತೆ ಅಂತಲ್ಲ ಅಂದಿದ್ದೆ. ಪಂಪ್ ಔಷಧಿ ಕೊಟ್ಟು ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸ್ತಾರೆ, ಉಸಿರಿನ ದಾರಿ ಎಷ್ಟು ತೆರೀತು ಅಂತ ನೋಡೋಕೆ. ಅದನ್ನೂ ಹೇಳಿದ್ದೆ. "ಸೂಜಿ?" ಅಂದಳು. ಸುಮ್ಮನೆ ಇಲ್ಲ ಅನ್ನಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ, ಕೇಳಿ, ಆಮೇಲೆ "ಇಲ್ಲ" ಅಂದೆ.

ಆ ದಿನ ಮೊದಲನೇದು ಕೆಮ್ಮಲ್ಲೇ ಹೋಯ್ತು. ನನ್ನ ಮುಖ ನೋಡಿದಳು. "ಆನೆ" ಅಂದೆ ಅಷ್ಟೇ. ಆಮೇಲೆ ಊದಿದ್ದು ಊದಿದ್ದೇ!

ಕರ್ಕೊಂಡು ಹೋಗೋರು ಗಮನಿಸಿ: ಪರೀಕ್ಷೆಗೆ ಮುಂಚೆ ಯಾವ ಪಂಪ್ ಎಷ್ಟು ಗಂಟೆ ನಿಲ್ಲಿಸಬೇಕು ಅಂತ ಡಾಕ್ಟ್ರನ್ನೇ ಕೇಳಿ, ನೀವಾಗೇ ನಿಲ್ಲಿಸಬೇಡಿ. ಉಸಿರು ಕಟ್ಟಿದ್ರೆ ಪಂಪ್ ಕೊಡಲೇಬೇಕು. ಹೊಟ್ಟೆ ಬಿರಿಯೋ ಹಂಗೆ ಉಣ್ಣಿಸಬೇಡಿ, ಸಡಿಲ ಬಟ್ಟೆ ಹಾಕಿ.

ಉಬ್ಬಸವೇ ಅಂತ ಗೊತ್ತಾಯ್ತು, ಔಷಧಿ ನಡೀತಿದೆ. ಅಡಿಕೆ ಒಲೆ ಮನೆಯಿಂದ ದೂರ ಹಾಕಿದೀವಿ. ಸೂಜಿ ಮಾತು ನಮ್ಮನೇಲಿ ಬಂದ್.